ನಡೆಯುವ ಊರಿನ ಪುಸ್ತಕ

ಹೊಸ ಕ್ಯಾಲೆಂಡರ್ ಬಂತೆಂದು ಹಳೆಯದನ್ನು ಗೋಡೆಯಿಂದ ಇಳಿಸಿ ಸುರುಳಿ ಸುತ್ತುತ್ತಿದ್ದೆ. ದಪ್ಪನೆಯ ನುಣುಪು ಕಾಗದ, ಮೇಲೆ ಲಕ್ಷ್ಮಿ, ಕೆಳಗೆ ಯಾವುದೋ ಎಣ್ಣೆ ಅಂಗಡಿಯ ಹೆಸರು. ಆ ಬಣ್ಣದ ಶಾಯಿಯ ವಾಸನೆ ಮೂಗಿಗೆ ಹೊಡೆಯಿತು ನೋಡಿ, ಕೈ ಅಲ್ಲೇ ನಿಂತಿತು. ಎಪ್ಪತ್ತರ ದಶಕದ ಶುರುವಿನ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿ, ಅದರ ಕಿಟಕಿಯ ಪಕ್ಕ ಕೂತ ನಮ್ಮ ಟೆಲಿಫೋನಕ್ಕ…

ನಾನಾಗ ಮದುವೆಯಾಗಿ ಬಾಗಲಕೋಟೆ ಕಡೆಯಿಂದ ವಿಕ್ರೋಳಿಗೆ ಬಂದವಳು. ಗಂಡನಿಗೆ ಅಲ್ಲೇ ಕಾರ್ಖಾನೆಯಲ್ಲಿ ಕೆಲಸ, ನನಗೆ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಂಗ್. ಬೆಳಗಿನ ಲೋಕಲ್ ವಿಕ್ರೋಳಿಗೆ ಬರುವಷ್ಟರಲ್ಲಿ ಅಕ್ಕ ಮುಲುಂಡಿನಿಂದ ಕೂತು ಬಂದಿರುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಉಡುಪಿ ಕಡೆಯವರು, ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಆಳು ಗಿಡ್ಡ, ದನಿ ಮಾತ್ರ ಜೇನು. ಡಬ್ಬಿಯಲ್ಲಿ ಉಳಿದವರು ಬೀನ್ಸ್ ಮುರಿಯುತ್ತಲೋ ಸ್ವೆಟರ್ ಹೆಣೆಯುತ್ತಲೋ ಇದ್ದರೆ ಇವರು ಪುಸ್ತಕ ಓದುತ್ತಿದ್ದರು.

ಎಂಥ ಪುಸ್ತಕ ಅಂತೀರಿ? ಫುಟ್‌ಪಾತಿನಲ್ಲಿ ಕೊಂಡ ಇಂಗ್ಲಿಷ್ ಪುಸ್ತಕಗಳು. ಚಂದ್ರನಾಚೆ ಹೋಗುವ ರಾಕೆಟ್ಟು, ಮಾತಾಡುವ ಯಂತ್ರ, ಡ್ರ್ಯಾಗನ್ ಸಾಕುವ ರಾಣಿಯರು… ಮುಖಪುಟ ನೋಡಿದರೆ ದೇವರೇ ಗತಿ: ಹಸಿರು ರಾಕ್ಷಸ, ಅವನ ತೋಳಿನಲ್ಲಿ ಅರೆಬಟ್ಟೆಯ ಹೆಂಗಸು. ಅದಕ್ಕೇ ಅಕ್ಕ ಪ್ರತಿಯೊಂದಕ್ಕೂ ಹಳೆ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕುತ್ತಿದ್ದರು. ಎದುರು ಕೂರುವ ಮರಾಠಿ ಆಜಿಯೊಬ್ಬಳು ಅದರ ಮೇಲಿನ ಗಣಪತಿಯನ್ನು ಕಂಡು ದಿನಾ ಕೈಮುಗಿಯುತ್ತಿದ್ದಳು. ಅಕ್ಕ ಗಂಭೀರವಾಗಿ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಹಿಡಿಯುತ್ತಿದ್ದರು. ನನಗೆ ನಗು ತಡೆಯುವುದೇ ಕಷ್ಟ.

“ಈಗ ಎಂತ ಓದ್ತಾ ಇದ್ದೀ?” ಅವರ ನಮಸ್ಕಾರವೇ ಅದು. ಏನೂ ಇಲ್ಲ ಎಂದರೆ ಜ್ವರ ಬಂದವರನ್ನು ನೋಡಿದಂತೆ ನೋಡುತ್ತಿದ್ದರು. ಆಮೇಲೆ ಡಾಕ್ಟರ ಹಾಗೆ ವಿಚಾರಣೆ. ಎಲ್ಲಿ ಇಳಿಯುತ್ತೀ, ಸೀಟು ಸಿಗುತ್ತದಾ, ಮನೆಯಲ್ಲಿ ಯಾರ ಜೊತೆ ಜಗಳ? ನಿಂತು ಹೋಗುವವರಿಗೆ ಸಣ್ಣ ಕಥೆಗಳು. ಕಿಟಕಿ ಸಿಕ್ಕವರಿಗೆ ದಪ್ಪ ಪುಸ್ತಕ. ನಾದಿನಿಯ ಕಾಟದಿಂದ ಅತ್ತುಕೊಂಡು ಬಂದಿದ್ದ ಒಬ್ಬ ಬ್ಯಾಂಕಿನ ಹುಡುಗಿಗೆ, ಒಂದು ಇಡೀ ಗ್ರಹದಲ್ಲಿ ಒಬ್ಬಳೇ ಉಳಿದುಬಿಡುವ ಹೆಂಗಸಿನ ಕಥೆ ಕೊಟ್ಟರು. ವಾರದ ನಂತರ ಅವಳು ಪುಸ್ತಕ ವಾಪಸ್ ಕೊಡುತ್ತಾ, “ದೀದಿ, ನಾದಿನಿ ಇದ್ರೂ ಪರವಾಗಿಲ್ಲ,” ಅಂದಳು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಅವರ ದೆಸೆಯಿಂದ ನಾನು ಅದೆಷ್ಟು ಗ್ರಹ ಸುತ್ತಿದೆನೋ!

ಅದೇ ಹೊತ್ತಿಗೆ ನಮ್ಮತ್ತೆಯ ಕಣ್ಣಿನ ವಿಚಾರ ಬಂತು.

ಅತ್ತೆಗೆ ಎರಡೂ ಕಣ್ಣಲ್ಲಿ ಮೋತಿಬಿಂದು, ಅಂದರೆ ಪೊರೆ. ಎಡಗಣ್ಣಿನ ಆಪರೇಷನ್ ಮೊದಲೇ ಊರ ಕಡೆ ಆಗಿ ಕೆಟ್ಟಿತ್ತು. ಡಾಕ್ಟರು ಅಲ್ಲಾಡಬೇಡ ಎಂದಿದ್ದರೂ ಮರುದಿನವೇ ಎದ್ದು ಕೂತುಬಿಟ್ಟಿದ್ದರಂತೆ. ಕಣ್ಣು ಹೋಯಿತು. ಇನ್ನು ಉಳಿದದ್ದು ಬಲಗಣ್ಣು ಒಂದೇ, ಅದರ ಆಪರೇಷನ್ ಇಲ್ಲಿನ ಆಸ್ಪತ್ರೆಯಲ್ಲಿ ಎಂದು ನಿಶ್ಚಯವಾಯಿತು. ಈಗಿನ ಹಾಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಕಾಲವಲ್ಲ ಅದು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಕೆಮ್ಮುವ ಹಾಗಿಲ್ಲ, ನಗುವ ಹಾಗಿಲ್ಲ, ಅಳುವ ಹಾಗಂತೂ ಇಲ್ಲವೇ ಇಲ್ಲ. ಹೊಲಿಗೆ ಬಿಚ್ಚಿಕೊಂಡರೆ ಕಥೆ ಮುಗಿಯಿತು.

ನಮ್ಮತ್ತೆಯೋ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು. ಒಂದು ಗಳಿಗೆ ಕೂತವರಲ್ಲ. ಜಗಳ ಆಡುವುದೂ ಓಡಾಡಿಕೊಂಡೇ! ನನ್ನ ಗಂಡ ಊಟ ಬಿಟ್ಟು ಚಿಂತೆ ಮಾಡಿದ. “ಅವ್ವ ಸುಮ್ನ ಮಲಗಾಕಿ ಅಲ್ಲ. ಈ ಕಣ್ಣೂ ಹೋದ್ರ ಆಕಿ ಬದುಕೂದಿಲ್ಲ,” ಅಂದ.

ಟ್ರೇನಿನಲ್ಲಿ ಅಕ್ಕನಿಗೆ ಎಲ್ಲ ಹೇಳಿ, “ಅತ್ತಿ ಮುಂದ ಕೂತು ಓದಿ ಹೇಳಾಕ ಒಂದು ಪುಸ್ತಕ ಹೇಳ್ರಿ ಅಕ್ಕಾ,” ಅಂತ ಕೇಳಿದೆ.

ಅಕ್ಕ ಓದುತ್ತಿದ್ದ ಪುಸ್ತಕ ಮುಚ್ಚಿದರು. “ನಗಿಸಬಾರದು, ಅಳಿಸಬಾರದು, ಹೆದರಿಸಬಾರದು. ಹಾಗಂತ ಬೋರಾಗಿ ಹಗಲೆಲ್ಲ ನಿದ್ದೆ ಮಾಡಿಯೂ ಆಗಬಾರದು, ರಾತ್ರಿ ಎಚ್ಚರ ಆಗಿ ಹೊರಳಾಡ್ತಾರೆ. ಕಷ್ಟ ಉಂಟು ಮಾರಾಯ್ತಿ,” ಎಂದರು. ಕೊನೆಯ ಸ್ಟೇಷನ್ ವಿ.ಟಿ. ಬರುವವರೆಗೆ ಮತ್ತೆ ಪುಸ್ತಕ ತೆರೆಯಲಿಲ್ಲ. ಮರುದಿನವೂ ಸಿಗಲಿಲ್ಲ ಎಂದರು. ಆಪರೇಷನ್ನಿನ ಹಿಂದಿನ ದಿನ ನನ್ನನ್ನು ಕಂಡವರೇ, “ಸಿಕ್ಕಿತು! ಇಂಗ್ಲಿಷಿನಲ್ಲಿ ಉಂಟು, ನಿನ್ನಿಂದ ಆಗಲಿಕ್ಕಿಲ್ಲ. ಡ್ಯೂಟಿ ಬಿಟ್ಟು ನಾನೇ ಬರ್ತೇನೆ,” ಎಂದರು.

ಹೇಳಿದ ಹಾಗೆ ಬಂದರು. ಸಂಜೆಯ ಲೋಕಲ್‌ನಿಂದ ಅರ್ಧ ದಾರಿಯಲ್ಲೇ ಇಳಿದು, ಕ್ಯಾಲೆಂಡರ್ ಹೊದಿಕೆಯ ಪುಸ್ತಕ ಹಿಡಿದು, ಅತ್ತೆಯ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತರು. ಅತ್ತೆ ಅವರನ್ನು ಮೊದಲು ಕಂಡವರೇ ಅಲ್ಲ. ಕಣ್ಣಿಗೆ ಪಟ್ಟಿ, ಬಾಯಿಗೆ ಪಟ್ಟಿಯಿಲ್ಲವಲ್ಲ.

“ಯಾರವಾ ನೀನು? ಬಾಯಿಗೆ ಬಂದದ್ದು ಹೇಳಬ್ಯಾಡ. ಪುಸ್ತಕದಾಗ ಏನೈತಿ ಅಷ್ಟು ಹೇಳು. ಸುಳ್ಳು ನನಗ ಆಗಿಬರೂದಿಲ್ಲ.”

“ಆಯ್ತಮ್ಮ, ಪುಸ್ತಕದಲ್ಲಿ ಇದ್ದದ್ದೇ,” ಎಂದು ಅಕ್ಕ ಮೊದಲ ಹಾಳೆ ತಿರುವಿದರು.

ಒಂದು ಗ್ರಹವಂತೆ. ಅಲ್ಲಿ ಸೂರ್ಯ ಬಹಳ ನಿಧಾನ. ಹಗಲಾದ ಕಡೆ ಸುಡುವ ಬಿಸಿಲು, ರಾತ್ರಿಯಾದ ಕಡೆ ಕಲ್ಲಾಗಿಸುವ ಚಳಿ. ನಡುವಿನ ಸಂಜೆಯ ಪಟ್ಟಿಯಲ್ಲಿ ಮಾತ್ರ ಜೀವ. ಅದಕ್ಕೇ ಅಲ್ಲಿ ಒಂದು ಊರು ಸಂಜೆಯ ಜೊತೆಗೇ ನಡೆಯುತ್ತದೆ. ಮನೆಗಳೆಲ್ಲ ಬಂಡಿಯ ಮೇಲೆ. ಮುಂದೆ ಹೋಗುವವರು ಬೀಜ ಬಿತ್ತುತ್ತಾ ಹೋಗುತ್ತಾರೆ, ಹಿಂದೆ ಬರುವವರು ಬೆಳೆ ಕೊಯ್ಯುತ್ತಾ ಬರುತ್ತಾರೆ.

“ಬಿತ್ತಿದವರಿಗೆ ಏನು ಸಿಕ್ತು?” ಅತ್ತೆ ತುಟಿ ಮಾತ್ರ ಆಡಿಸಿ ಕೇಳಿದರು.

“ಅವರಿಗಿಂತ ಮುಂದೆ ಇನ್ನೊಂದು ಊರು ಹೋಗಿದೆ ಅಮ್ಮ. ಅದು ಬಿತ್ತಿದ್ದನ್ನು ಇವರು ಉಣ್ತಾರೆ.”

ಅತ್ತೆ, “ಹಂಗಾರ ನಡೀಲಿ,” ಎಂದು ಅಪ್ಪಣೆ ಕೊಟ್ಟರು.

ಅಂದಿನಿಂದ ದಿನಾ ಸಂಜೆ ಊರು ನಡೆಯಿತು. ಗುಡ್ಡ ಹತ್ತಿತು, ಇಳಿಯಿತು. ಯಾರಿಗೋ ಮದುವೆ, ನಡೆಯುತ್ತಲೇ. ಯಾರಿಗೋ ಬಾಣಂತನ, ಬಂಡಿಯ ಮೇಲೆ. ಪಕ್ಕದ ಮಂಚಗಳವರಿಗೆ ಕನ್ನಡ ಬಾರದು, ಆದರೂ ಆ ದನಿಗೆ ಕಿವಿಗೊಟ್ಟು ತೆಪ್ಪಗೆ ಮಲಗುತ್ತಿದ್ದರು. ಅತ್ತೆಯ ಕಾಲಿನ ಚಡಪಡಿಕೆಯನ್ನೆಲ್ಲ ಆ ಊರಿನವರೇ ನಡೆದು ತೀರಿಸಿದರೇನೋ. ನನಗೆ ಮಾತ್ರ ಕಥೆಯ ಮೇಲೆ ಗಮನವಿಲ್ಲ. ನನ್ನ ಕಣ್ಣೆಲ್ಲ ಅತ್ತೆಯ ಕುತ್ತಿಗೆಯ ಮೇಲೆ. ಅದು ಎಲ್ಲಿ ಮಿಸುಕುತ್ತದೋ, ಎಲ್ಲಿ ತಿರುಗುತ್ತದೋ ಅಂತ ಕಾಯುತ್ತಾ ಕೂರುತ್ತಿದ್ದೆ.

ಒಂದು ಸಂಜೆ ಊರು ಹೊಳೆಯ ದಂಡೆಗೆ ಬಂದಿತ್ತು. ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ಯಾರದೋ ಕೈ ಜಾರಿ ಸ್ಟೀಲು ತಟ್ಟೆಗಳ ರಾಶಿ ಧಡಾಧಡ್ ಎಂದು ನೆಲಕ್ಕೆ ಬಿತ್ತು. ಅತ್ತೆಯ ಕುತ್ತಿಗೆಯ ನರ ಹಗ್ಗದಂತೆ ಬಿಗಿಯಿತು, ಭುಜ ಹಾಸಿಗೆ ಬಿಟ್ಟು ಮೇಲೇಳತೊಡಗಿತು. ಅಕ್ಕ ಅಂಗೈಯನ್ನು ಮೆಲ್ಲಗೆ ಅವರ ಹಣೆಯ ಮೇಲಿಟ್ಟರು. ದನಿ ಒಂದಿಷ್ಟೂ ಏರಲಿಲ್ಲ.

“ಹಾಂ, ಮುಂದಿನ ಬಂಡಿಯ ಅಚ್ಚು ಮುರಿಯಿತಮ್ಮ. ಪಾತ್ರೆಗಳೆಲ್ಲ ಬಿದ್ದವು. ಊರಿನವರೆಲ್ಲ ಇದ್ದಲ್ಲೇ ನಿಂತಿದ್ದಾರೆ. ನೀವೂ ನಿಲ್ಲಿ.”

ಅತ್ತೆಯ ಭುಜ ನಿಧಾನವಾಗಿ ಹಾಸಿಗೆಗೆ ಇಳಿಯಿತು. “ಯಾರಿಗೂ ಪೆಟ್ಟಾಗಿಲ್ಲಲ್ಲ?” ಎಂದು ಕೇಳಿದರು. ಇಲ್ಲ ಎಂದು ಅಕ್ಕ ಹಾಳೆ ತಿರುವಿದರು. ನಾನು ಹೊರಗೆ ವರಾಂಡಕ್ಕೆ ಹೋಗಿ ಗೋಡೆ ಹಿಡಿದು ಅತ್ತುಬಿಟ್ಟೆ. ಒಳಗೆ ಅಳುವ ಹಾಗಿರಲಿಲ್ಲವಲ್ಲ.

ಪಟ್ಟಿ ಬಿಚ್ಚಿದ ದಿನ ಅಕ್ಕ ರಜೆ ಹಾಕಿ ಬಂದಿದ್ದರು. ಡಾಕ್ಟರು ಬೆರಳು ತೋರಿಸಿ ಎಷ್ಟೆಂದು ಕೇಳಿದರು. ಅತ್ತೆ ಸರಿಯಾಗಿ ಹೇಳಿ, ಮುಖ ಹೊರಳಿಸಿ ಅಕ್ಕನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

“ಅಯ್ಯ ನಮ್ಮವ್ವಾ, ಇಷ್ಟು ಗಿಡ್ಡ ಅದೀ? ನಾ ಏನೋ ಆಳೆತ್ತರ ಇರ್ತಿ ಅನ್ಕೊಂಡಿದ್ದೆ!”

ವಾರ್ಡಿಗೆ ವಾರ್ಡೇ ನಕ್ಕಿತು. ಅಕ್ಕ ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಆ ಪುಸ್ತಕವನ್ನು ನಾನೇ ನೆಟ್ಟಗೆ ಓದಬೇಕೆಂದು ಟ್ರೇನಿನಲ್ಲಿ ಕೇಳಿದೆ. ಅಕ್ಕ ಚೀಲದಿಂದ ತೆಗೆದುಕೊಟ್ಟರು. ತೆರೆದು ನೋಡಿದರೆ ರಾಕೆಟ್ಟುಗಳ ಯುದ್ಧದ ಕಥೆ. ಮೊದಲೇ ಓದಿದ್ದೆ.

“ಇದು ಬ್ಯಾರೆ ಐತಲ್ರಿ ಅಕ್ಕಾ?”

“ಅದೇ ಮಾರಾಯ್ತಿ. ನನ್ನ ಹತ್ರ ಇದ್ದದ್ದನ್ನೆಲ್ಲ ಹುಡುಕಿದೆ. ಒಂದಲ್ಲ ಒಂದು ಕಡೆ ಯಾರಾದರೂ ಸಾಯ್ತಾರೆ, ಏನಾದರೂ ಸ್ಫೋಟ ಆಗ್ತದೆ. ತಲೆ ಅಲ್ಲಾಡಿಸದೆ ಕೇಳುವ ಪುಸ್ತಕವನ್ನು ಯಾರೂ ಬರೆದೇ ಇಲ್ಲ. ಏನು ಮಾಡಲಿ, ಹೇಳ್ತಾ ಹೋದೆ. ಹಾಳೆ ತಿರುವಿದ ಸದ್ದು ಕೇಳದಿದ್ರೆ ನಿನ್ನತ್ತೆ ಬಿಡ್ತಿದ್ರಾ? ನೀನು ಹೇಳಬೇಡ ಆಯ್ತಾ.”

ನಾನು ಹೇಳಲಿಲ್ಲ. ಸುಳ್ಳು ಆಗಿಬರದ ನಮ್ಮತ್ತೆ, ಅಕ್ಷರ ಗೊತ್ತಿಲ್ಲದ ನಮ್ಮತ್ತೆ, ಸಾಯುವವರೆಗೂ ಬಂದ ಹೋದವರಿಗೆಲ್ಲ ಆ ಒಂದು ಪುಸ್ತಕದ ಶಿಫಾರಸು ಮಾಡಿದರು. “ಓದಿದ್ರ ನಡಿಯೂ ಊರಿನ ಪುಸ್ತಕ ಓದ್ರಿ. ಉಳಿದದ್ದೆಲ್ಲ ಹೊಟ್ಟು.” ಕೇಳಿದವರಿಗೆಲ್ಲ ತಾವೇ ಆ ಕಥೆಯನ್ನು ಆದ್ಯಂತ ಹೇಳುತ್ತಿದ್ದರು. ನಾನು ಒಲೆಯ ಮುಂದೆ ನಿಂತು, ಎಲ್ಲಿಗೆ ಹೋಗುತ್ತದೆ ಬಿಡು, ಆಮೇಲೆ ಕೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಅಕ್ಕ ವರ್ಗ ಮಾಡಿಸಿಕೊಂಡು ಊರ ಕಡೆ ಹೋದರು. ಕೆಲವು ವರ್ಷ ದೀಪಾವಳಿಗೆ ಕಾರ್ಡು ಬರುತ್ತಿತ್ತು, ಅದರಲ್ಲೂ ಕೊನೆಗೊಂದು ಸಾಲು: ಈಗ ಎಂತ ಓದ್ತಾ ಇದ್ದೀ? ಆಮೇಲೆ ಅದೂ ನಿಂತಿತು. ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಹಳ ತಡವಾಗಿ, ಯಾರದೋ ಮದುವೆಯ ಪಂಕ್ತಿಯಲ್ಲಿ. ಎಲೆಯ ಮೇಲೆ ಬಡಿಸಿದ್ದು ಹಾಗೇ ಉಳಿಯಿತು.

ಮೊನ್ನೆ ಮಲಾಡಿನಿಂದ ಮೊಮ್ಮಗಳು ಬಂದಿದ್ದಳು. ಅವಳ ಗೆಳತಿಯರದೊಂದು ಓದುವ ಗುಂಪು ಇದೆಯಂತೆ. ಎಲ್ಲರೂ ಮನೆಯವರನ್ನು ಕೇಳಿ ಒಂದೊಂದು ಫ್ಯಾಂಟಸಿ ಪುಸ್ತಕ ಸೂಚಿಸಬೇಕಂತೆ. “ಅಜ್ಜಿ, ನಿಂದು ಫೇವರಿಟ್ ಕೌನ್ಸಾ? ನೇಮ್ ಹೇಳು, ನಾನು ಆರ್ಡರ್ ಮಾಡ್ತೀನಿ,” ಅಂದಳು.

ಹೆಸರಿಲ್ಲ ಪುಟ್ಟಾ, ಕಥೆ ಹೇಳುತ್ತೇನೆ ಕೇಳು ಅಂತ ಹುಮ್ಮಸ್ಸಿನಿಂದ ಶುರುಮಾಡಿದೆ. ನಿಧಾನದ ಸೂರ್ಯ, ಬಂಡಿಯ ಮೇಲಿನ ಮನೆಗಳು, ಬಿತ್ತುವವರು, ಕೊಯ್ಯುವವರು. ಹುಡುಗಿ ಮೊಬೈಲು ಕೆಳಗಿಟ್ಟು ಕೇಳಿದಳು. ಊರು ಹೊಳೆಯ ದಂಡೆಗೆ ಬಂತು, ಬಂಡಿಯ ಅಚ್ಚು ಮುರಿಯಿತು, ಎಲ್ಲರೂ ನಿಂತರು…

“ಫಿರ್?” ಅಂದಳು.

ಮುಂದಿನದು ನನಗೆ ಗೊತ್ತಿಲ್ಲ. ಎಷ್ಟು ತಡಕಾಡಿದರೂ ಒಂದು ಎಳೆಯೂ ಸಿಗಲಿಲ್ಲ. ಅವರು ಹೊಳೆ ದಾಟಿದ್ದು ಹೇಗೆಂದು ಅಕ್ಕ ಹೇಳಿದಾಗ ನಾನು ವರಾಂಡದಲ್ಲಿ ಅಳುತ್ತಿದ್ದೆ. ಉಳಿದ ಸಂಜೆಗಳಲ್ಲಿ ಅತ್ತೆಯ ಕುತ್ತಿಗೆಯನ್ನೇ ನೋಡುತ್ತಾ ಕೂತಿದ್ದೆ. ಹೇಳಿದವರೂ ಹೋದರು, ಕೇಳಿದವರೂ ಹೋದರು. ಮೊಮ್ಮಗಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.