ಪ್ರೆಶರ್ ಅಕ್ಕ ಕುಡಿಯದೆ ಬಿಟ್ಟ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಚಾಲಕರೊಬ್ಬರ ಮನೆಯ ಮುಂದೆ ಚಪ್ಪಲಿ ಬಿಡುವ ಮುಂಚೆ ಆಕೆ ಕೊರಳಲ್ಲಿದ್ದ ಆಸ್ಪತ್ರೆಯ ಗುರುತಿನ ಚೀಟಿಯನ್ನು ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ‘ಆಸ್ಪತ್ರೆಯವರು ಬಂದ್ರು ಅಂದ್ರೆ ಅಕ್ಕಪಕ್ಕದವರು ಏನೇನೋ ಮಾತಾಡ್ಕೋತಾರೆ. ನನ್ನಿಂದ ಅವರಿಗ್ಯಾಕೆ ತಾಪತ್ರಯ?’ ಎನ್ನುತ್ತಾರೆ ಮೆಲ್ಲಗೆ. ಚಾಲಕರು ಸಮವಸ್ತ್ರದ ತೋಳು ಮಡಚಿ ಕೈ ಚಾಚುತ್ತಾರೆ. ಆಕೆ ರಕ್ತದೊತ್ತಡ ಅಳೆಯುವ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳು ಇಳಿಯುವುದನ್ನೇ ನೋಡುತ್ತಾರೆ.

ಎಲ್ಲರ ಬಾಯಲ್ಲಿ ‘ಪ್ರೆಶರ್ ಅಕ್ಕ’ ಆಗಿರುವ ಈಕೆ ದೊಡ್ಡಾಸ್ಪತ್ರೆಯ ಸಂಶೋಧನಾ ತಂಡದ ಸಹಾಯಕಿ. ಔಷಧವೊಂದು ಪ್ರಯೋಗಾಲಯದಲ್ಲಿ ಗೆದ್ದರೆ ಸಾಲದು. ಮನೆಯ ಕಪಾಟಿಗೆ ಬಂದ ಮೇಲೆ ಅದು ಏನು ಮಾಡುತ್ತದೆ, ನುಂಗಿದವರ ಬದುಕು ಹಗುರಾಯಿತೇ ಎಂದು ತಿಳಿಯುವುದು ಈ ತಂಡದ ಕೆಲಸ. ಯಾವ ಔಷಧವನ್ನು ಉಚಿತವಾಗಿ ಕೊಡಬೇಕೆಂದು ತೀರ್ಮಾನಿಸುವ ಸಮಿತಿ ಇವರ ವರದಿಯನ್ನು ಓದುತ್ತದೆ. ಅಕ್ಕ ದಿನಕ್ಕೆ ಹತ್ತು ಹನ್ನೆರಡು ಮನೆ ಸುತ್ತುತ್ತಾರೆ. ಮಂಡಿ ನೋವು ಜೊತೆಗೇ ಇದೆ, ಮುಖದ ಮೇಲೆ ಬಾಗಿಲು ಹಾಕುವವರೂ ಇದ್ದಾರೆ.

ಮೊದಲು ಅವರು ಅದೇ ಆಸ್ಪತ್ರೆಯ ಕಿಟಕಿಯಲ್ಲಿ ಗುಳಿಗೆ ಕೊಡುತ್ತಿದ್ದರು. ‘ಕೊಟ್ಟು ಕಳಿಸ್ತಿದ್ದೆ. ಆಮೇಲೇನಾಯ್ತು ಅಂತ ಯಾರೂ ಬಂದು ಹೇಳ್ತಿರ್ಲಿಲ್ಲ. ಅದಕ್ಕೇ ನಾನೇ ಹೊರಟೆ’ ಎನ್ನುತ್ತಾರೆ.

ಕಳೆದ ವರ್ಷ ರಕ್ತದೊತ್ತಡದ ಒಂದು ಗುಳಿಗೆಗೆ ಕುತ್ತು ಬಂತು. ಮೈಯ ಹೆಚ್ಚಿನ ಉಪ್ಪುನೀರನ್ನು ಮೂತ್ರದಲ್ಲಿ ಹೊರಹಾಕುವ, ಹಳೆಯ, ಅಗ್ಗದ ಗುಳಿಗೆ ಅದು. ಇಲ್ಲಿ ಮಾತ್ರ ಯಾರ ಒತ್ತಡವೂ ಇಳಿಯುತ್ತಿರಲಿಲ್ಲ. ಪ್ರಯೋಜನವಿಲ್ಲವೆಂದು ಅದನ್ನು ಉಚಿತ ಔಷಧಗಳ ಸಾಲಿನಿಂದ ಕೈಬಿಡುವ ಮಾತು ಎದ್ದಿತು. ಹಾಗಾದರೆ ಬಡವರು ದುಬಾರಿ ಗುಳಿಗೆಯನ್ನು ಹೊರಗೆ ಕೊಳ್ಳಬೇಕು, ಇಲ್ಲವೇ ಸುಮ್ಮನಿರಬೇಕು. ತಪ್ಪದೆ ನುಂಗುತ್ತೀರಾ ಎಂದು ಅಕ್ಕ ಕೇಳಿದಲ್ಲೆಲ್ಲ ಹೌದೆಂಬ ಉತ್ತರವೇ. ‘ನನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ ಸುಳ್ಳು ಹೇಳ್ತಿದ್ರು ಪಾಪ’ ಎಂದು ಈಗ ನಗುತ್ತಾರೆ.

ಗುಟ್ಟು ಬಿಟ್ಟುಕೊಟ್ಟವರು ಇದೇ ಚಾಲಕರು. ಒಂದು ಬೆಳಿಗ್ಗೆ ಅವರು ಕೆಣಕಿದರಂತೆ: ‘ಇಷ್ಟು ದಿನದಿಂದ ಬರ್ತೀರಿ, ಒಂದು ತೊಟ್ಟು ನೀರು ಮುಟ್ಟಲ್ಲ. ನಮ್ಮನೆ ನೀರೇನು ಕಹಿನಾ ಅಕ್ಕ?’

‘ಕುಡಿದ್ರೆ ದಾರೀಲಿ ಎಲ್ಲಿಗೆ ಹೋಗ್ಲಿ ಅಣ್ಣ?’

ಚಾಲಕರು ನಕ್ಕುಬಿಟ್ಟರು. ‘ನಂದೂ ಅದೇ ಪಾಡು. ಬಸ್ ತುಂಬ ಜನ ಕೂತಿರ್ತಾರೆ, ನಾನೆಲ್ಲಿ ನಿಲ್ಲಿಸ್ಲಿ? ಡ್ಯೂಟಿ ಇದ್ದ ದಿನ ಆ ಗುಳಿಗೆ ಮುಟ್ಟೋದೇ ಇಲ್ಲ.’

ಅಂದಿನಿಂದ ಅಕ್ಕ ಮೊದಲು ತಮ್ಮ ಪಾಡು ಹೇಳಿಕೊಂಡು ಆಮೇಲೆ ಪ್ರಶ್ನೆ ಕೇಳತೊಡಗಿದರು. ಹೊಲಿಗೆ ಕಾರ್ಖಾನೆಯ ಹೆಂಗಸರು, ಕಾವಲುಗಾರರು, ಪಾಠ ಬಿಟ್ಟು ಏಳಲಾಗದ ಟೀಚರು, ಎಲ್ಲರದೂ ಒಂದೇ ಕಥೆ. ತಂಡದ ಮುಖ್ಯಸ್ಥೆಯಾದ ಡಾಕ್ಟರಮ್ಮ ಅದನ್ನು ಕೇಳಿ, ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಧ್ಯಯನವನ್ನು ಹೊಸದಾಗಿ ಹೆಣೆದರು. ಬೆಳಗಿನ ಪಾಳಿಯವರು ಮಧ್ಯಾಹ್ನ ಮನೆಗೆ ಬಂದ ಕೂಡಲೇ ಗುಳಿಗೆ ನುಂಗಲಿ ಎಂದರು. ಅಕ್ಕ ಮತ್ತೆ ತಿಂಗಳುಗಟ್ಟಲೆ ಮನೆಮನೆ ಅಲೆದರು. ಬಹುತೇಕರ ಒತ್ತಡ ಇಳಿಯಿತು. ಆ ವರದಿ ಓದಿದ ಸಮಿತಿ ಕಳೆದ ವಾರ ಗುಳಿಗೆಯನ್ನು ಉಳಿಸಿಕೊಂಡಿದೆ.

ಚಾಲಕರ ತೋಳಿನಿಂದ ಪಟ್ಟಿ ಬಿಚ್ಚುತ್ತ ಅಕ್ಕ ತಲೆದೂಗುತ್ತಾರೆ. ಒತ್ತಡ ಹದಕ್ಕೆ ಬಂದಿದೆ. ‘ನನ್ನದೊಂದೇ ಆಸೆ. ಔಷಧ ಬರೆಯೋ ಮುಂಚೆ, ನಿಮ್ಮ ಕೆಲಸ ಏನು ಅಂತ ಎಲ್ಲರೂ ಒಂದು ಮಾತು ಕೇಳ್ಬೇಕು.’

ಅಷ್ಟರಲ್ಲಿ ಚಾಲಕರ ಹೆಂಡತಿ ಲೋಟದಲ್ಲಿ ನೀರು ತಂದು ಕೈಗಿಡುತ್ತಾರೆ. ಕುಡಿದು, ಬಚ್ಚಲಿಗೆ ಹೋಗಿ ಬಂದೇ ಹೊರಡಬೇಕೆಂದು ಹೇಳಿ ಹಿತ್ತಿಲ ದೀಪ ಹಾಕಿಡುತ್ತಾರೆ. ಅಕ್ಕ ಒಂದು ಹನಿಯೂ ಬಿಡದೆ ಕುಡಿಯುತ್ತಾರೆ.

‘ಈಗ ಒಂದೊಂದು ಬೀದೀಲೂ ನಂಗೆ ಇಂಥದ್ದೊಂದು ಮನೆ ಇದೆ’ ಎನ್ನುತ್ತಾರೆ.