ವೆಂಕಪ್ಪಣ್ಣನ ಪಡುಗಡಲು

ನಮ್ಮ ವೆಂಕಪ್ಪಣ್ಣನಿಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಕಂಡರೆ ಆಗದು. ಒಮ್ಮೆ ಮಗಳು ಪ್ರೇಕ್ಷಾ ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಸಂಜೆಯವರೆಗೆ ಕಾದು ಕೂತರೆ ಸೂರ್ಯ ನೀರಿಗಿಳಿಯದೆ ಪಕ್ಕದ ಕಟ್ಟಡಗಳ ಹಿಂದೆ ಹೋಗಿಬಿಟ್ಟ. ಕುಂದಾಪುರದ ಕೋಡಿ ಕಡಲತೀರದಲ್ಲಿ ಹುಟ್ಟಿದ ಮನುಷ್ಯ. "ಸೂರ್ಯ ಮುಳ್ಗದಿದ್ದ್ ಮೇಲೆ ಅದ್ ಎಂತ ಕಡ್ಲ್ ಮಾರಾಯ್ರೆ? ದೊಡ್ಡ ಕೆರೆ ಅಷ್ಟೇ" ಎಂದು ನನ್ನ ಹತ್ತಿರ ಹತ್ತು ಸಲವಾದರೂ ಹೇಳಿದ್ದಾರೆ.

ನಾನು ಲಂಡನ್ನಿನ ಟೂಟಿಂಗಿನಲ್ಲಿ ಅವರ ಮೇಲಿನ ಫ್ಲ್ಯಾಟಿನವನು, ಮೈಸೂರಿನ ಕಡೆಯವನು. ಅವರು ಅಲ್ಲೇ ಒಂದು ಉಡುಪಿ ಹೋಟೆಲಿನ ಮುಖ್ಯ ಅಡುಗೆಯವರು, ಇಪ್ಪತ್ತೆರಡು ವರ್ಷದಿಂದ. ಬೆಳಿಗ್ಗೆ ಹತ್ತಕ್ಕೆ ಹೋದರೆ ಬಾಗಿಲು ಹಾಕುವವರೆಗೂ ಬರುವುದಿಲ್ಲ. ರಜೆ ಎಂದರೆ ಎರಡು ವರ್ಷಕ್ಕೊಮ್ಮೆ ಆರು ವಾರ, ಅದೂ ಊರಿಗೆ, ಯಾರದ್ದೋ ಮದುವೆಗೋ ತಿಥಿಗೋ. ಸುಮ್ಮನೆ ಹೋಗಿ ಕೂತು ಬರುವ ರಜೆಯೂ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈ ವಸಂತದಲ್ಲಿ ಪ್ರೇಕ್ಷಾ ಫೋನಿನಲ್ಲಿ ನಕ್ಷೆ ತೋರಿಸಿದಳು. ಫ್ರಾನ್ಸಿನ ಪಶ್ಚಿಮ ಕರಾವಳಿಯ ವಾಂದೇ. "ಲುಕ್ ಅಪ್ಪ, ಫುಲ್ ವೆಸ್ಟ್." ಅಷ್ಟೇ ಸಾಕಾಯಿತು. ಆಗಸ್ಟಿನಲ್ಲಿ ಒಂದು ವಾರಕ್ಕೆ ಕಡಲ ಪಕ್ಕ ಒಂದು ಮರದ ಮನೆ ಬುಕ್ ಆಯಿತು, ಪೋರ್ಟ್ಸ್‌ಮತ್‌ನಿಂದ ಹಡಗಿನ ಟಿಕೆಟ್ಟೂ ಆಯಿತು. ಹೆಂಡತಿ ರಾಜೀವಿಯಮ್ಮ ಕುಚ್ಚಲಕ್ಕಿ ಕಟ್ಟಿಟ್ಟರು. ವೆಂಕಪ್ಪಣ್ಣ ಆ ಏಳು ದಿನಗಳ ಸೂರ್ಯಾಸ್ತದ ಹೊತ್ತನ್ನು ಮಗಳಿಂದ ಕೇಳಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರು.

ತಾಯಿ ಮಗಳದ್ದು ಬ್ರಿಟಿಷ್ ಪಾಸ್‌ಪೋರ್ಟ್. "ಮನಿಯಲ್ಲ್ ಒಬ್ರಾರೂ ಊರಿನವ್ರ್ ಆಯಿ ಇರ್ಕ್" ಎಂದು ಇವರೊಬ್ಬರು ಭಾರತದ್ದನ್ನೇ ಇಟ್ಟುಕೊಂಡಿದ್ದರು. ಹಾಗಾಗಿ ವೀಸಾ ಬೇಕು. ಅರ್ಜಿ ತುಂಬಲು ನಾನು ಕೂತೆ.

"ಪೇಸ್ಲಿಪ್ ಕೊಡಿ" ಎಂದೆ.

"ಅದೆಲ್ಲ ಧಣಿ ಹತ್ರ ಇತ್ತ್."

ಹೋಟೆಲಿನ ಎಲ್ಲರ ಕಾಗದವೂ ಧಣಿಯ ಹತ್ತಿರವೇ. ಧಣಿ ಭಾರ್ಗವ ಊರಿನವನು, ದೂರದ ಸಂಬಂಧಿ ಬೇರೆ. ಅವನ ಹತ್ತಿರ ಕಾಗದ ಕೇಳುವುದು ಅವನನ್ನು ಕಳ್ಳ ಎಂದಂತೆ, ಎಂಬುದು ಇವರ ನಂಬಿಕೆ. ಇಂಥ ಪೆದ್ದುತನ ನಮ್ಮವರಲ್ಲದೆ ಇನ್ಯಾರು ಮಾಡುತ್ತಾರೆ? ವೀಸಾಕ್ಕಾಗಿ ಕೆಲಸದ ಪತ್ರ ಕೇಳಲೇಬೇಕಾಯಿತು. "ನಮ್ಮೊಳ್ಗೆ ಕಾಗ್ದ ಎಂತಕ್ಕೆ ವೆಂಕಪ್ಪಣ್ಣ?" ಎನ್ನುತ್ತ ಭಾರ್ಗವ ಮೂರು ವಾರ ಸತಾಯಿಸಿ ಕೊನೆಗೊಂದು ಲಕೋಟೆ ಕೊಟ್ಟ.

ನಾನೇ ಓದಿದೆ. ಎರಡೇ ಸಾಲು. ವೆಂಕಪ್ಪ, ಅಡುಗೆಮನೆಯ ಹೆಲ್ಪರ್, ವಾರಕ್ಕೆ ಹದಿನಾರು ಗಂಟೆ.

ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟರು. ನಾನೂ ಹಿಂದೆಯೇ ಹೋದೆ.

ಭಾರ್ಗವನಿಗೆ ನಾಚಿಕೆಯೇನೂ ಆಗಲಿಲ್ಲ. "ಅದ್ ಟ್ಯಾಕ್ಸ್ ಉಳ್ಸುಕೆ ಬರ್ದದ್ದ್. ಈಗ ಬದ್ಲ್ ಮಾಡ್ರೆ ಸರ್ಕಾರದವ್ರ್ ಹಳೇದೆಲ್ಲ ಕೆದ್ಕ್ತ್ರ್. ಹೋಟ್ಲ್ ಮುಚ್ಚಿರೆ ಹತ್ತ್ ಮನಿ ಊಟ ಹೋತ್, ನೀವೇ ಹೇಳಿ" ಎಂದ.

ಆ ಹತ್ತು ಜನರಿಗೂ ಸೌಟು ಹಿಡಿಯಲು ಕಲಿಸಿದವರು ವೆಂಕಪ್ಪಣ್ಣನೇ. ಅದು ಗೊತ್ತಿದ್ದೇ ಅವನು ಹಾಗೆ ಹೇಳಿದ್ದು.

ದಾರಿಯಲ್ಲಿ ನಾನು ಕೂಗಾಡಿದೆ. ದೂರು ಕೊಡಿ, ನಾನು ಬರೆಯುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಹೋಗಲಿ, ಈ ಪತ್ರವನ್ನೇ ಹಾಕಿ ನೋಡೋಣ ಎಂದೆ.

"ಹೆಲ್ಪರ್ ಅಂದ್ ಹೇಳ್ಕಂಡ್ ಆ ಫ್ರಾನ್ಸಿನವ್ರ್ ಎದ್ರ್ ನಾನ್ ನಿಲ್ಲುದಿಲ್ಲೆ ಸಾರ್" ಎಂದರು. ವೀಸಾ ಕಚೇರಿಯ ಅಪಾಯಿಂಟ್‌ಮೆಂಟ್ ರದ್ದು ಮಾಡಿಸಿದರು. ನನಗೆ ಮೈ ಉರಿಯಿತು, ಧಣಿಯ ಮೇಲೆ ಎಷ್ಟೋ ಇವರ ಮೇಲೂ ಅಷ್ಟೇ.

ಟಿಕೆಟ್ ಹಾಳಾಗಬಾರದೆಂದು ತಾಯಿ ಮಗಳನ್ನು ಅವರೇ ಒತ್ತಾಯಿಸಿ ಕಳಿಸಿದರು. ಆಗಸ್ಟಿನ ಒಂದು ಸಂಜೆ ನಾನು ಹೋಟೆಲಿನಲ್ಲಿದ್ದೆ. ದೋಸೆ ಕಾವಲಿ ಗಿರಾಕಿಗಳಿಗೆ ಕಾಣುವ ಹಾಗೆ ಮುಂದೆಯೇ ಇದೆ. ಅದರ ಪಕ್ಕ ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ರಾಜೀವಿಯಮ್ಮ. "ಹ್ವಾಯ್, ಕಾಣಿ, ಈಗ ಮುಳುಗ್ತ್ ಕಾಣಿ!"

ಅಷ್ಟರಲ್ಲಿ ಭಾರ್ಗವ ಯಾರೋ ನಾಲ್ಕು ಜನ ಬಿಳಿಯರನ್ನು ಕರೆತಂದು ಇವರ ಭುಜದ ಮೇಲೆ ಕೈಯಿಟ್ಟ. ನಮ್ಮ ಹೆಡ್ ಶೆಫ್, ಇಪ್ಪತ್ತೆರಡು ವರ್ಷದಿಂದ ಈ ಹೋಟೆಲಿನ ಜೀವವೇ ಇವರು ಎಂದು ಇಂಗ್ಲಿಷಿನಲ್ಲಿ ಹೊಗಳಿದ.

ವೆಂಕಪ್ಪಣ್ಣ ತಿರುಗಿ ಅವರನ್ನು ನೋಡಿದರು.

"ನೋ ಸರ್. ಹೆಲ್ಪರ್. ಸಿಕ್ಸ್‌ಟೀನ್ ಅವರ್ಸ್."

ತಮಾಷೆ ಎಂದುಕೊಂಡು ನಾಲ್ವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಭಾರ್ಗವ. ವೆಂಕಪ್ಪಣ್ಣ ಫೋನಿನ ಕಡೆ ತಿರುಗುವಷ್ಟರಲ್ಲಿ ಅಲ್ಲಿ ಬರೀ ನೀರಿತ್ತು. "ಕಂಡ್ರ್ಯಾ?" ಎಂದು ರಾಜೀವಿಯಮ್ಮ ಕೇಳಿದರು. "ಕಂಡೆ, ಲಾಯ್ಕ್ ಇತ್ತ್" ಎಂದು ಅವರು ಕಾವಲಿಗೆ ನೀರು ಚಿಮುಕಿಸಿದರು.