ಬೀರಪ್ಪ ಕಾಕಾನ ಕುರಿ

ಭಾಗ್ಯಾ, ಓಂಕಾರ, ಬಾಯಿಬಿಟ್ಟು ಹೇಳಲು ನಿಮ್ಮ ಅಜ್ಜಿಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನಿಮ್ಮಷ್ಟಿದ್ದ ಆ ದಿನಗಳಲ್ಲಿ, ಭಾಲ್ಕಿ ಕಡೆಯ ನಮ್ಮ ಊರಿಗೆ, ಮುಂಗಾರಿ ಜೋಳ ಕೊಯ್ದ ಮೇಲೆ, ಔರಾದ ಕಡೆಯಿಂದ ಬೀರಪ್ಪ ಕಾಕಾ ಕುರಿ ಹೊಡೆದುಕೊಂಡು ಬರುತ್ತಿದ್ದ. ಬರಿದಾದ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದ. ಹೊಲಕ್ಕೆ ಗೊಬ್ಬರ, ಅವನಿಗೆ ಜೋಳ. ಅವ್ವ ಕಟ್ಟಿಕೊಟ್ಟ ಬಿಸಿ ರೊಟ್ಟಿ, ಪುಂಡಿ ಪಲ್ಯವನ್ನು ನಾನು ಒಯ್ಯುತ್ತಿದ್ದೆ. ಅವನ ಕಂಬಳಿಗೆ ಹೊಗೆಯ, ತೊಯ್ದ ಉಣ್ಣೆಯ ವಾಸನೆ. ಎಳೆ ಮರಿಯೊಂದನ್ನು ನನ್ನ ಮಡಿಲಿಗಿಟ್ಟು, "ತಗೋ ಮಗಳ, ಇದಕ್ಕ ನೀನೇ ಅವ್ವ" ಅನ್ನುತ್ತಿದ್ದ.

ಒಂದು ವರ್ಷ, ಬಿತ್ತಿದ ಮೇಲೆ, ಮಳೆ ನಿಂತೇ ಹೋಯಿತು. ಜೋಳ ಮೊಣಕಾಲೆತ್ತರಕ್ಕೆ ಬಂದು ಸುರುಟಿಕೊಂಡಿತು. ಆಗಲೇ ಕಾಕಾ ಬಂದುಬಿಟ್ಟ.

ಅಪ್ಪ ಬದುವಿನ ಮೇಲೆ ಅಡ್ಡ ನಿಂತ. "ಬೆಳಿ ಇನ್ನಾ ಹೊಲದಾಗೇ ಅದ. ಈಗ್ಯಾಕ ಬಂದಿ?"

"ನಮ್ಮ ಕಡಿ ಹುಲ್ಲೇ ಇಲ್ಲಣ್ಣಾ. ಕುರಿಗಿ ಪಂಚಾಂಗ ಓದಿ ಹೇಳ್ಲೇನು?"

"ಒಂದು ಕುರಿ ಒಳಗ ಬಂದ್ರೂ ಕಾಲು ಮುರೀತೇನಿ, ನೋಡು!"

ಊರೇ ಕೇಳಿಸಿಕೊಂಡಿತು. ಕಾಕಾ ಹಳ್ಳದ ದಂಡೆಗೆ ಹೋಗಿ ಕೂತ. ನಾನು ರೊಟ್ಟಿ ಒಯ್ದರೆ, "ನಿಮ್ಮಪ್ಪ ಕಳಿಸ್ಯಾನೇನು? ಇಲ್ಲಂದ್ರ ತಿರುಗಿ ಒಯ್ಯಿ" ಅಂದ. ಮನೆಗೆ ಬಂದು ಹೇಳಿದೆ. ಅಪ್ಪ ಆ ದಿನ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಒಂದು ಮಳೆ ಹನಿದು ಹೋಯಿತು. ಅಪ್ಪ ತಾನೇ ಹಳ್ಳಕ್ಕೆ ನಡೆದ. ನಾನು ಹಿಂದೆ.

"ಈ ಜ್ವಾಳ ಇನ್ನ ತೆನಿ ಹಾಕಂಗಿಲ್ಲೋ ಬೀರಪ್ಪ. ನಿನ್ನ ಕುರಿನಾದ್ರೂ ತಿನ್ಲಿ, ಬಾ."

ಬಾಡಿದ ಎಳೆ ಜೋಳದಲ್ಲಿ ವಿಷವಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನೆಲ ತೊಯ್ಯುವಂತೆ ಮಳೆ ಬಿದ್ದರೆ ಅದು ಇಳಿಯುತ್ತದೆಂದೂ ಹಿರಿಯರಿಂದ ಕೇಳಿದ್ದರು. ಕಾಕಾ ಬಗ್ಗಿ ಮಣ್ಣು ಮುಟ್ಟಿದ. "ತೊಯ್ದದ" ಅಂದ. ಅಪ್ಪನೂ ಹೂಂ ಅಂದ. ತೊಯ್ದಿದ್ದು ಮೇಲುಮಣ್ಣಷ್ಟೇ.

ಹಸಿದ ಕುರಿಗಳು ತಲೆ ಎತ್ತದೆ ತಿಂದವು. ಸ್ವಲ್ಪ ಹೊತ್ತಿಗೇ ಒಂದು ತೂರಾಡಿ ಬಿತ್ತು. ಆಮೇಲೆ ಅದರ ಪಕ್ಕದ್ದು. ಇಬ್ಬರೂ ಕೂಗುತ್ತ, ಓಡುತ್ತ ಹೊರಗೆ ಅಟ್ಟಿದರು. ಅಟ್ಟಿದವೂ ಬದು ದಾಟಿ ಬಿದ್ದವು. ಕೊರಳ ಗಂಟೆಗಳು ಒಂದೊಂದೇ ಸುಮ್ಮನಾದವು.

ಕಾಕಾ ಬೈಯಲಿಲ್ಲ. ಅಪ್ಪನ ಮುಖವನ್ನೇ ನೋಡಿ ಕೇಳಿದ: "ಅಣ್ಣಾ, ತಿಳದು ಕರದಿ ಏನು?"

ಅಪ್ಪ ಬಿದ್ದಿದ್ದ ಕುರಿಯೊಂದರ ತಲೆ ಎತ್ತಿ ಹಿಡಿದುಕೊಂಡ.

ಉಳಿದ ಕುರಿ ಹೊಡೆದುಕೊಂಡು ಹೋದವನು ಮತ್ತೆ ಬರಲಿಲ್ಲ. ಅಪ್ಪ ಔರಾದ ಸಂತೆಯಲ್ಲಿ ಹುಡುಕಿದ, ಸಿಗಲಿಲ್ಲ. ನಮ್ಮ ಊರವರು ಕುರಿಗೆ ವಿಷ ಹಾಕುತ್ತಾರೆಂಬ ಮಾತು ಹಬ್ಬಿತು. ಬೇರೆ ಕುರಿಗಾರರೂ ದೂರವಾದರು; ನಮ್ಮವರು ಬದುವಿಗೆ ಮುಳ್ಳು ಹಚ್ಚಿದರು. ಈಗ ಅಲ್ಲಿ ತಂತಿ ಇದೆ. ಹೊಲಕ್ಕೆ ಚೀಲದ ಗೊಬ್ಬರ.

ಮಳೆಯೂ ಈಗ ಯಾವ ವರ್ಷವೂ ಹಿರಿಯರ ಮಾತಿಗೆ ಸಿಗುವುದಿಲ್ಲ. ಆಗ ಒಮ್ಮೆ ಬಂದಂಥ ಬರದ ವರ್ಷವೇ ಮತ್ತೆ ಮತ್ತೆ ಬರುತ್ತಿದೆ. ಚಿದ್ರಿಯ ಈ ಮನೆಯಲ್ಲಿ ಮಳೆ ಹನಿದು ನಿಂತಾಗಲೆಲ್ಲ ಅಜ್ಜಿ ಯಾಕೆ ಕಿಟಕಿ ಮುಚ್ಚುತ್ತಾಳೆ ಅಂತ ಕೇಳುತ್ತೀರಲ್ಲ, ಆ ಹೊತ್ತಿಗೆ ನನಗೆ ಆ ಕುರಿಗಳ ಗಂಟೆಗಳು ಕೇಳಿಸುತ್ತವೆ. ಆಮೇಲೆ ನಿಲ್ಲುತ್ತವೆ.

ಕಾಕಾನ ಮೊಮ್ಮಕ್ಕಳು ಎಲ್ಲಾದರೂ ಸಿಕ್ಕರೆ ಇದನ್ನು ಓದಿ ಹೇಳಿ. ವಿಷ ಇಳಿದಿಲ್ಲವೆಂದು ನಮ್ಮಪ್ಪನಿಗೆ ತಿಳಿದಿರಲಿಲ್ಲ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.